ಹಂಗೇರಿಯ ನುಡಿಗೆ ಕನ್ನಡದ ಅಳತೆಗೋಲು

ಯುರೋಪಿನ ಭಾಷೆಗಳಲ್ಲಿ ಅತ್ಯಂತ ಕ್ಲಿಷ್ಟವಾದುದು ಹಂಗೇರಿಯನ್ ಎಂಬ ಮಾತು ಬಹುಕಾಲದಿಂದ ಪ್ರಚಾರದಲ್ಲಿದೆ. ಆ ಮಾತಿಗೆ ಆಧಾರವಿಲ್ಲದಿಲ್ಲ. ಅಮೆರಿಕದ ವಿದೇಶಾಂಗ ಇಲಾಖೆಯು ತನ್ನ ರಾಯಭಾರಿ ವರ್ಗದವರಿಗೆ ಪರಭಾಷೆಗಳನ್ನು ಕಲಿಸುವುದಕ್ಕಾಗಿ ನಡೆಸುತ್ತಿರುವ ಶಿಕ್ಷಣಸಂಸ್ಥೆ, ಪ್ರಪಂಚದ ಭಾಷೆಗಳನ್ನು ಅವುಗಳ ಕಾಠಿನ್ಯಕ್ಕೆ ಅನುಗುಣವಾಗಿ ವರ್ಗೀಕರಿಸಿ, ಫ್ರೆಂಚು ಸ್ಪ್ಯಾನಿಷುಗಳನ್ನು ಸುಲಭದ ವರ್ಗದಲ್ಲಿರಿಸಿ, ಹಂಗೇರಿಯನ್ನಿಗೆ ಸುಮಾರು 1100 ಗಂಟೆಗಳ ತರಗತಿಯ ಪಾಠ ಬೇಕೆಂದು ಗೊತ್ತುಮಾಡಿದೆ. ಆದರೆ ಅದೇ ಪಟ್ಟಿಯ ಮೇಲೆ ಇನ್ನೊಮ್ಮೆ ಕಣ್ಣಾಡಿಸಿದ ಕನ್ನಡಿಗನಿಗೆ ಬೇರೊಂದು ಸಂಗತಿಯೂ ಗೋಚರವಾಗದೆ ಇರದು: ಹಂಗೇರಿಯನ್ನಿಗೆ ಸ್ಥಾನ ದೊರೆತಿರುವ ಆ ಕಠಿನವರ್ಗದಲ್ಲಿಯೇ ನಮ್ಮ ನೆರೆಯ ತಮಿಳು ತೆಲುಗುಗಳಿಗೂ ಸ್ಥಾನ ದೊರೆತಿದೆ.

ಕೋಲಾರದ ಕಡೆಯ ಕನ್ನಡಿಗನು ತೆಲುಗನ್ನು ಸಂತೆಯಲ್ಲಿ, ನೆಂಟರ ಮನೆಯಲ್ಲಿ, ಆಟದ ಬಯಲಿನಲ್ಲಿ ಕಲಿತುಕೊಳ್ಳುತ್ತಾನೆಯೇ ಹೊರತು ಗಂಟೆಗಳನ್ನು ಎಣಿಸುತ್ತ ಕೂಡುವುದಿಲ್ಲ. ಹಾಗಿರುವಲ್ಲಿ ಆ 1100 ಗಂಟೆಗಳು ಯಾರಿಗೆ ಬೇಕಾದುವು? ಇಂಗ್ಲಿಷನ್ನು ತಾಯ್ನುಡಿಯಾಗಿ ಪಡೆದವನಿಗೆ. ಕಾಠಿನ್ಯವೆಂದು ನಾವು ಕರೆಯುವುದು ಕಲಿಯುವವನ ನುಡಿಗೂ ಕಲಿಯಬೇಕಾದ ನುಡಿಗೂ ನಡುವಣ ದೂರವನ್ನು. ಆ ದೂರವನ್ನು ಅಳೆಯುವ ಕೋಲು ಬದಲಾದರೆ ಅಳತೆಯೂ ಬದಲಾಗಬೇಕಷ್ಟೆ. ಇಂಗ್ಲಿಷಿನ ಕೋಲಿನಿಂದ ಅಳೆದ ಹಂಗೇರಿಯನ್ನನ್ನು ಕನ್ನಡದ ಕೋಲಿನಿಂದ ಇನ್ನೊಮ್ಮೆ ಅಳೆದು ನೋಡಬೇಕೆಂಬುದೇ ಈ ಬರಹದ ಉದ್ದೇಶ.

ಇಂಥ ಅಳತೆಯಿಂದ ಪ್ರಯೋಜನವೇನೆಂದು ಕೇಳುವವರಿಗೆ ಉತ್ತರವುಂಟು. ಹಂಗೇರಿಯ ಸರ್ಕಾರವು 2013ರಲ್ಲಿ ಸ್ಥಾಪಿಸಿದ ಸ್ಟಿಪೆಂಡಿಯಮ್ ಹಂಗಾರಿಕಮ್ ಎಂಬ ವಿದ್ಯಾರ್ಥಿವೇತನವು ಭಾರತೀಯರಿಗೂ ದೊರೆಯುತ್ತದೆ. ಬುಡಾಪೆಸ್ಟ್, ದೆಬ್ರೆತ್ಸೆನ್, ಸೆಗೆದ್, ಪೇಚ್ ನಗರಗಳಲ್ಲಿ ಇಂಗ್ಲಿಷಿನ ಮೂಲಕ ವೈದ್ಯಶಾಸ್ತ್ರವನ್ನು ಬೋಧಿಸುವ ವಿಶ್ವವಿದ್ಯಾಲಯಗಳಿವೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ ಹಾಸಿಗೆಯ ಮೇಲೆ ಮಲಗಿರುವ ರೋಗಿ ಇಂಗ್ಲಿಷ್ ಬಲ್ಲವನಾಗಿರಬೇಕೆಂಬ ನಿಯಮವಿಲ್ಲವಾದ್ದರಿಂದ, ಅಲ್ಲಿನ ವೈದ್ಯವಿದ್ಯಾರ್ಥಿಗಳು ಆ ದೇಶದ ಭಾಷೆಯನ್ನು ಕಲಿಯಲೇಬೇಕಾಗುತ್ತದೆ. ‘ಹೊಲ್ ಫಾಯ್?’ ಎಂದು ಆ ವಿದ್ಯಾರ್ಥಿ ಕೇಳಬೇಕು; ‘ಎಲ್ಲಿ ನೋವು?’ ಎಂಬುದು ಅದರ ಅರ್ಥ. ‘ಫಾಯ್ ಅ ಫೆಯೆಮ್’ ಎಂದು ರೋಗಿ ಹೇಳಿದರೆ ತಲೆನೋವೆಂದೂ, ‘ಫಾಯ್ ಅ ಹಶಮ್’ ಎಂದರೆ ಹೊಟ್ಟೆನೋವೆಂದೂ ತಿಳಿಯಬೇಕು. ಇಷ್ಟರಲ್ಲಿಯೇ ಭಾಷೆಯ ಒಂದು ಮುಖ್ಯ ನಿಯಮ ಅಡಗಿದೆ: ‘ಫೆಯ್’ ಎಂದರೆ ತಲೆ, ‘ಹಶ್’ ಎಂದರೆ ಹೊಟ್ಟೆ, ಕೊನೆಯ ಮಕಾರವೇ ‘ನನ್ನ’ ಎಂಬರ್ಥದ ಪ್ರತ್ಯಯ.

ಮೊದಲು ಈ ನುಡಿಯ ಕುಲಗೋತ್ರಗಳನ್ನು ಸಂಕ್ಷೇಪವಾಗಿ ತಿಳಿಯುವುದು ಯುಕ್ತ. ತಮ್ಮ ಭಾಷೆಯನ್ನು ಆ ಜನ ‘ಮಜ್ಯರ್’ ಎಂದು ಕರೆಯುತ್ತಾರೆ. ಅದನ್ನಾಡುವವರು ಜಗತ್ತಿನಲ್ಲಿ ಸುಮಾರು 1 ಕೋಟಿ 30 ಲಕ್ಷ ಮಂದಿ. ಮೊದಲನೆಯ ಮಹಾಯುದ್ಧದ ತರುವಾಯ 1920ರ ಟ್ರಿಯಾನೊನ್ ಒಪ್ಪಂದವು ಗಡಿಗಳನ್ನು ಹೊಸದಾಗಿ ಎಳೆದುದರಿಂದ, ಅವರಲ್ಲಿ ಅನೇಕರು ರುಮೇನಿಯಾದ ಟ್ರಾನ್ಸಿಲ್ವೇನಿಯಾ, ಸ್ಲೊವಾಕಿಯಾದ ದಕ್ಷಿಣಭಾಗ, ಸೆರ್ಬಿಯಾದ ಉತ್ತರಭಾಗ, ಉಕ್ರೇನಿನ ಪಶ್ಚಿಮದ ಅಂಚು ಇವುಗಳಲ್ಲಿ ಪರರಾಜ್ಯದ ಪ್ರಜೆಗಳಾಗಿ ಉಳಿದುಕೊಂಡರು. ಸುತ್ತಲಿನ ಜರ್ಮನ್, ರುಮೇನಿಯನ್, ಸ್ಲಾವಿಕ್ ಭಾಷೆಗಳೆಲ್ಲವೂ ಇಂಡೋ-ಯೂರೋಪಿಯನ್ ವಂಶದವು. ಹಂಗೇರಿಯನ್ ಮಾತ್ರ ಯುರಾಲಿಕ್ ವಂಶದ್ದು. ಅದರ ಅತ್ಯಂತ ಹತ್ತಿರದ ಬಂಧುಗಳಾದ ಖಾಂತಿ, ಮಾನ್ಸಿ ಎಂಬ ಭಾಷೆಗಳನ್ನು ಸೈಬೀರಿಯಾದ ಓಬ್ ನದಿಯ ಪ್ರಾಂತದಲ್ಲಿ ಕೆಲವೇ ಸಾವಿರ ಜನ ಇಂದಿಗೂ ಆಡುತ್ತಿದ್ದಾರೆ. ಫಿನ್ನಿಷ್, ಎಸ್ಟೋನಿಯನ್‌ಗಳು ದೂರದ ದಾಯಾದಿಗಳು.

ಈ ಬಾಂಧವ್ಯ ಬೆಳಕಿಗೆ ಬಂದ ಬಗೆ ಸ್ವಾರಸ್ಯವಾದುದು. 1769ರಲ್ಲಿ ಶುಕ್ರಗ್ರಹವು ಸೂರ್ಯಬಿಂಬವನ್ನು ಹಾದುಹೋಗುವುದನ್ನು ವೀಕ್ಷಿಸುವುದಕ್ಕಾಗಿ ನಾರ್ವೆಯ ಉತ್ತರದ ತುದಿಗೆ ಹೋದ ಖಗೋಳಜ್ಞರಲ್ಲಿ ಯಾನೋಶ್ ಶಯ್ನೊವಿಚ್ ಎಂಬ ಹಂಗೇರಿಯ ಪಾದ್ರಿಯೊಬ್ಬನಿದ್ದನು. ಅಲ್ಲಿನ ಲ್ಯಾಪ್ ಜನರ ನುಡಿಯನ್ನು ತನ್ನ ನುಡಿಯೊಡನೆ ಹೋಲಿಸಿ, ಎರಡೂ ಒಂದೇ ಮೂಲದವೆಂದು ಅವನು 1770ರಲ್ಲಿ ಗ್ರಂಥರೂಪದಲ್ಲಿ ಪ್ರಕಟಿಸಿದನು. ಸಂಸ್ಕೃತಕ್ಕೂ ಗ್ರೀಕ್ ಲ್ಯಾಟಿನ್‌ಗಳಿಗೂ ಇರುವ ಸಂಬಂಧವನ್ನು ಸರ್ ವಿಲಿಯಂ ಜೋನ್ಸ್ ಕಲ್ಕತ್ತೆಯಲ್ಲಿ ಸಾರಿದ್ದು 1786ರಲ್ಲಿ ಎಂಬುದನ್ನು ನೆನೆದರೆ, ಈ ಪಾದ್ರಿಯ ದೃಷ್ಟಿ ಎಷ್ಟು ಮುಂದಿತ್ತೆಂಬುದು ತಿಳಿಯುತ್ತದೆ. ಅಂದಿನಿಂದ ವಿದ್ವಾಂಸರು ನಿರ್ಣಯಿಸಿದ ಧ್ವನಿನಿಯಮಗಳು ಕನ್ನಡಿಗನಿಗೆ ಅಪರಿಚಿತವಲ್ಲ. ಹಳಗನ್ನಡದ ‘ಪಾಲ್’, ‘ಪುಲಿ’ಗಳು ನಮ್ಮಲ್ಲಿ ‘ಹಾಲು’, ‘ಹುಲಿ’ಗಳಾದಂತೆಯೇ, ಫಿನ್ನಿಷ್ ಭಾಷೆಯು ಉಳಿಸಿಕೊಂಡಿರುವ ಪದಾದಿಯ ಪಕಾರ ಹಂಗೇರಿಯನ್ನಿನಲ್ಲಿ ಫಕಾರವಾಯಿತು; ಮರವೆಂಬರ್ಥದ ಫಿನ್ನಿಷಿನ ‘ಪೂ’ ಇಲ್ಲಿ ‘ಫ’ ಎಂದಾಗಿದೆ. ಹಾಗೆಯೇ ಮೀನಿಗೆ ಅಲ್ಲಿ ‘ಕಲ’, ಇಲ್ಲಿ ‘ಹಲ್’. ಮೂರಕ್ಕೆ ಅಲ್ಲಿ ‘ಕೊಲ್ಮೆ’, ಇಲ್ಲಿ ‘ಹಾರೊಮ್’.

ಇಲ್ಲಿ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಕನ್ನಡಕ್ಕೂ ಹಂಗೇರಿಯನ್ನಿಗೂ ರಚನೆಯಲ್ಲಿ ಕಾಣುವ ಸಾಮ್ಯವನ್ನು ನೋಡಿ ರಕ್ತಸಂಬಂಧವನ್ನು ಊಹಿಸುವ ಆಸೆ ಸಹಜವಾದುದು. 1856ರಲ್ಲಿ ದ್ರಾವಿಡಭಾಷೆಗಳ ತೌಲನಿಕ ವ್ಯಾಕರಣವನ್ನು ಪ್ರಕಟಿಸಿದ ಬಿಷಪ್ ಕಾಲ್ಡ್ವೆಲ್ಲರೂ ಈ ಭಾಷೆಗಳನ್ನು ಫಿನ್ನಿಷ್ ಹಂಗೇರಿಯನ್‌ಗಳನ್ನೊಳಗೊಂಡ ‘ಸಿಥಿಯನ್’ ವರ್ಗದ ಕಡೆಗೆ ಸೇರಿಸಲು ಯತ್ನಿಸಿದರು. ಆ ವಾದಕ್ಕೆ ಭಾಷಾಶಾಸ್ತ್ರಜ್ಞರ ಒಪ್ಪಿಗೆ ದೊರೆತಿಲ್ಲ. ಎರಡು ನುಡಿಗಳು ಪ್ರತ್ಯಯಗಳನ್ನು ಒಂದರ ಮೇಲೊಂದು ಸೇರಿಸುತ್ತವೆಂಬ ಮಾತ್ರಕ್ಕೆ ಅವು ಒಡಹುಟ್ಟಿದವಾಗಲಾರವು. ಆದರೆ ಕಲಿಯುವವನಿಗೆ ಬೇಕಾದುದು ವಂಶವೃಕ್ಷವಲ್ಲ, ರಚನೆಯ ಪರಿಚಯ. ಅದು ಅವನಿಗೆ ಇಲ್ಲಿ ಧಾರಾಳವಾಗಿ ದೊರೆಯುತ್ತದೆ.

ಉಚ್ಚಾರಣೆಯಿಂದ ಆರಂಭಿಸೋಣ. ಹಂಗೇರಿಯನ್ ವರ್ಣಮಾಲೆಯಲ್ಲಿ 44 ಅಕ್ಷರಗಳಿವೆ. ಲಿಪಿ ರೋಮನ್ನಾದರೂ ಬರೆದಂತೆ ಓದುವುದೇ ಅಲ್ಲಿನ ಪದ್ಧತಿಯಾದ್ದರಿಂದ, ಇಂಗ್ಲಿಷಿನ ಕಾಗುಣಿತದಿಂದ ನೊಂದವರಿಗೆ ಇದೊಂದು ದೊಡ್ಡ ಸಮಾಧಾನ. ಎಸ್ ಎಂಬ ಅಕ್ಷರಕ್ಕೆ ‘ಶ’ ಎಂದೂ, ಎಸ್ ಝಡ್ ಎರಡೂ ಕೂಡಿದರೆ ‘ಸ’ ಎಂದೂ, ಸಿ ಎಸ್ ಕೂಡಿದರೆ ‘ಚ’ ಎಂದೂ, ಜೆ ಎಂಬುದಕ್ಕೆ ‘ಯ’ ಎಂದೂ ಉಚ್ಚಾರಣೆ. ರಾಜಧಾನಿಯ ಹೆಸರನ್ನು ಅಲ್ಲಿನವರು ‘ಬುದಪೆಶ್ತ್’ ಎನ್ನುತ್ತಾರೆ. ತಕಾರ ದಕಾರಗಳು ನಮ್ಮವುಗಳಂತೆ ಹಲ್ಲಿನ ಹಿಂದೆ ಹುಟ್ಟುತ್ತವೆ. ಕ, ತ, ಪಗಳು ಇಂಗ್ಲಿಷಿನಲ್ಲಿರುವಂತೆ ಉಸಿರನ್ನು ಚೆಲ್ಲದೆ ನಮ್ಮ ಅಲ್ಪಪ್ರಾಣಗಳಂತೆ ಶುದ್ಧವಾಗಿ ನಿಲ್ಲುತ್ತವೆ. ಒತ್ತು ಯಾವಾಗಲೂ ಪದದ ಮೊದಲನೆಯ ಅಕ್ಷರದ ಮೇಲೆ.

ಸ್ವರಗಳು 14, ಏಳು ಹ್ರಸ್ವ, ಏಳು ದೀರ್ಘ. ಹ್ರಸ್ವದೀರ್ಘಗಳ ಭೇದದಿಂದ ಅರ್ಥವೇ ಬೇರೆಯಾಗುವುದೆಂಬುದನ್ನು ‘ಕೊಡು’, ‘ಕೋಡು’ಗಳನ್ನು ಬಲ್ಲ ನಮಗೆ ಯಾರೂ ವಿವರಿಸಬೇಕಾಗಿಲ್ಲ. ಹಂಗೇರಿಯನ್ನಿನಲ್ಲಿ ‘ಕೊರ್’ ಎಂದರೆ ವಯಸ್ಸು, ‘ಕೋರ್’ ಎಂದರೆ ರೋಗ. ವೈದ್ಯನಾಗಹೊರಟವನು ಇವೆರಡನ್ನು ಬೆರೆಸಿದರೆ ಅನರ್ಥ. ‘ಬಳಿ’, ‘ಬಳ್ಳಿ’ಗಳಂತೆ ದ್ವಿತ್ವದಿಂದಲೂ ಅರ್ಥ ಬದಲಾಗುತ್ತದೆ: ‘ಕಸ’ ಎಂದರೆ ಹುಲ್ಲು ಕೊಯ್ಯುವ ಕುಡುಗೋಲು, ‘ಕಸ್ಸ’ ಎಂದರೆ ಅಂಗಡಿಯಲ್ಲಿ ಹಣ ಕಟ್ಟುವ ಸ್ಥಳ. ಕನ್ನಡಿಗನು ಹೊಸದಾಗಿ ಸಾಧಿಸಬೇಕಾದ ಸ್ವರಗಳು ಕೆಲವೇ. ನಾಲಗೆ ‘ಎ’ ಎನ್ನುವ ಸ್ಥಾನದಲ್ಲಿರುವಾಗಲೇ ತುಟಿಗಳು ‘ಒ’ ಎನ್ನುವಂತೆ ದುಂಡಗಾದರೆ ಒಂದು ಸ್ವರ; ನಾಲಗೆ ‘ಇ’ ಎನ್ನುತ್ತಿರುವಾಗ ತುಟಿಗಳು ‘ಉ’ ಎಂದರೆ ಇನ್ನೊಂದು; ಇವೆರಡಕ್ಕೂ ದೀರ್ಘರೂಪಗಳುಂಟು. ಹ್ರಸ್ವ ಅಕಾರವು ನಮ್ಮ ‘ಅ’ ಮತ್ತು ‘ಒ’ಗಳ ನಡುವೆ ತುಟಿಯನ್ನು ತುಸು ಸುತ್ತಿ ಆಡುವಂಥದು. ಇವನ್ನೆಲ್ಲ ಕನ್ನಡ ಲಿಪಿ ಪೂರ್ಣವಾಗಿ ಹಿಡಿಯಲಾರದಾದ್ದರಿಂದ ಇಲ್ಲಿ ಕೊಟ್ಟಿರುವ ರೂಪಗಳನ್ನು ಸಮೀಪದ ಸೂಚನೆಗಳೆಂದು ಭಾವಿಸಬೇಕು. ನಿಜವಾದ ಧ್ವನಿಯನ್ನು ಕಿವಿಯಿಂದಲೇ ಕಲಿಯಬೇಕು.

ಇನ್ನು ವಿಭಕ್ತಿಗಳ ವಿಚಾರ. ಹಂಗೇರಿಯನ್ನಿನಲ್ಲಿ ಸುಮಾರು 18 ವಿಭಕ್ತಿಗಳಿವೆ ಎಂಬುದನ್ನು ಕೇಳಿಯೇ ಇಂಗ್ಲಿಷ್ ವಿದ್ಯಾರ್ಥಿ ಅಂಜುತ್ತಾನೆ. ಒಂದು ಪದವನ್ನು ಬಿಡಿಸಿ ನೋಡೋಣ. ‘ಹಾಜ಼್’ ಎಂದರೆ ಮನೆ. ‘ಹಾಜ಼ಕ್’ ಎಂದರೆ ಮನೆಗಳು. ‘ಹಾಜ಼ಕ್‌ಬನ್’ ಎಂದರೆ ಮನೆಗಳಲ್ಲಿ. ಪ್ರಕೃತಿ ಮೊದಲು, ಬಹುವಚನದ ಪ್ರತ್ಯಯ ಆಮೇಲೆ, ವಿಭಕ್ತಿ ಕೊನೆಗೆ: ‘ಮನೆ-ಗಳ್-ಅಲ್ಲಿ’ ಎಂಬ ನಮ್ಮ ಕ್ರಮವೇ ಅಕ್ಷರಶಃ ಅಲ್ಲಿಯೂ ಇದೆ. ‘ನನ್ನ ಮನೆಗಳಲ್ಲಿ’ ಎನ್ನಬೇಕಾದರೆ ‘ನನ್ನ’ ಎಂಬುದು ಬೇರೆ ಪದವಾಗಿ ಮುಂದೆ ಬರದೆ ಪ್ರತ್ಯಯವಾಗಿ ಒಳಗೆ ಸೇರಿಕೊಂಡು ‘ಹಾಜ಼ಯಿಮ್‌ಬನ್’ ಎಂದಾಗುತ್ತದೆ. ಕನ್ನಡಿಗನು ಕಲಿಯಬೇಕಾದ ಹೊಸ ಅಂಶ ಇಷ್ಟೇ. ಲ್ಯಾಟಿನ್ ಸಂಸ್ಕೃತಗಳಲ್ಲಿ ಲಿಂಗವಚನಗಳಿಗೆ ತಕ್ಕಂತೆ ಒಂದೊಂದು ಶಬ್ದಕ್ಕೆ ಒಂದೊಂದು ರೂಪಾವಳಿಯನ್ನು ಕಂಠಪಾಠ ಮಾಡಬೇಕು. ಹಂಗೇರಿಯನ್ನಿನಲ್ಲಿ ವ್ಯಾಕರಣದ ಲಿಂಗವೇ ಇಲ್ಲ; ‘ಅವನು’, ‘ಅವಳು’ ಎರಡಕ್ಕೂ ಒಂದೇ ಸರ್ವನಾಮ. ಆದುದರಿಂದ 18 ವಿಭಕ್ತಿಗಳೆಂದರೆ 18 ಪ್ರತ್ಯಯಗಳು ಮಾತ್ರ.

ಆ ಪ್ರತ್ಯಯಗಳು ಪದದ ಸ್ವರವನ್ನು ಅನುಸರಿಸಿ ತಮ್ಮ ರೂಪವನ್ನು ಹೊಂದಿಸಿಕೊಳ್ಳುತ್ತವೆ. ‘ಹಾಜ಼್’ನಲ್ಲಿ ಹಿಂದಣ ಸ್ವರವಿರುವುದರಿಂದ ‘ಹಾಜ಼್‌ಬನ್’. ತೋಟವೆಂಬರ್ಥದ ‘ಕೆರ್ತ್’ನಲ್ಲಿ ಮುಂದಣ ಸ್ವರವಿರುವುದರಿಂದ ‘ಕೆರ್ತ್‌ಬೆನ್’. ಸ್ವರಸಾಮರಸ್ಯವೆಂಬ ಈ ನಿಯಮವು ಕನ್ನಡದಲ್ಲಿಲ್ಲ. ಆದರೂ ‘ಮರಕ್ಕೆ’, ‘ಮನೆಗೆ’, ‘ಊರಿಗೆ’ ಎಂದು ಒಂದೇ ಚತುರ್ಥಿಯನ್ನು ಮೂರು ಬಗೆಯಾಗಿ ಯೋಚಿಸದೆ ಆಡುವ ನಮಗೆ, ಪ್ರತ್ಯಯವು ಪ್ರಕೃತಿಗೆ ಅಧೀನವೆಂಬ ತತ್ತ್ವ ಹೊಸದಲ್ಲ. ‘ಒಡನೆ’, ‘ಇಂದ’ ಎಂಬರ್ಥದ ‘ವಲ್’, ‘ವೆಲ್’ ಪ್ರತ್ಯಯಗಳಲ್ಲಿ ಸಂಧಿಯೂ ಕಾಣುತ್ತದೆ. ರೈಲು ಎಂಬರ್ಥದ ‘ವೊನತ್’ಗೆ ‘ವಲ್’ ಸೇರಿದರೆ ‘ವೊನತ್ತಲ್’. ಚಾಕುವೆಂಬರ್ಥದ ‘ಕೇಶ್’ಗೆ ‘ವೆಲ್’ ಸೇರಿದರೆ ‘ಕೇಶ್ಶೆಲ್’. ವಕಾರಕ್ಕೆ ಹಿಂದಿನ ವ್ಯಂಜನವೇ ಆದೇಶವಾಗಿ ಬಂದಿದೆ. ಮಳೆಯೂ ಕಾಲವೂ ಸೇರಿ ‘ಮಳೆಗಾಲ’ವಾಗುವುದನ್ನು ಆದೇಶಸಂಧಿಯೆಂದು ಶಾಲೆಯಲ್ಲಿ ಕಲಿತವನು ಇಲ್ಲಿ ಆ ಹೆಸರನ್ನೇ ಉಪಯೋಗಿಸಿಕೊಳ್ಳಬಹುದು.

ವಿಭಕ್ತಿಗಳಲ್ಲಿ ಅರ್ಧದಷ್ಟು ಸ್ಥಳವಾಚಕಗಳು. ಒಳಗು, ಮೇಲು, ಬಳಿ ಎಂದು ಸ್ಥಳ ಮೂರು ಬಗೆ, ಅದರ ಕಡೆಗೆ ಹೋಗುವುದು, ಅಲ್ಲಿರುವುದು, ಅಲ್ಲಿಂದ ಬರುವುದು ಎಂದು ಗತಿ ಮೂರು ಬಗೆ, ಕೂಡಿ ಒಂಬತ್ತು. ‘ಬ, ಬನ್, ಬೋಲ್’ ಎಂಬವು ಒಳಗಿನ ಮೂರು. ‘ರ, ನ್, ರೋಲ್’ ಎಂಬವು ಮೇಲಿನ ಮೂರು. ‘ಹೊಜ಼್, ನಾಲ್, ತೋಲ್’ ಎಂಬವು ಬಳಿಯ ಮೂರು. ಕನ್ನಡವು ‘ಇಂದ’ ಎಂಬ ಒಂದರಿಂದಲೇ ನಿರ್ವಹಿಸುವ ಕಾರ್ಯವನ್ನು ಹಂಗೇರಿಯನ್ ಮೂರಕ್ಕೆ ಹಂಚಿದೆ. ಪೆಟ್ಟಿಗೆಯ ಒಳಗಿನಿಂದಲೋ, ಮೇಜಿನ ಮೇಲಿನಿಂದಲೋ, ಬಾವಿಯ ಬಳಿಯಿಂದಲೋ ಎಂದು ಮೊದಲು ಕನ್ನಡದಲ್ಲಿ ಬಿಡಿಸಿ ಕೇಳಿಕೊಂಡರೆ ಯಾವ ಪ್ರತ್ಯಯ ಬೇಕೆಂಬುದು ತಾನಾಗಿ ತಿಳಿಯುತ್ತದೆ. ಊರುಗಳ ವಿಷಯದಲ್ಲಿ ರೂಢಿಯೇ ಪ್ರಮಾಣ: ಹಂಗೇರಿಯ ಬಹುತೇಕ ಊರುಗಳಿಗೆ ‘ಮೇಲೆ’ ಎಂಬ ಪ್ರತ್ಯಯ ಹತ್ತುವುದರಿಂದ ‘ಬುದಪೆಶ್ತೆನ್’ ಎನ್ನಬೇಕು, ಪರದೇಶದ ಊರುಗಳಿಗೆ ‘ಒಳಗೆ’ ಎಂಬುದಾದ್ದರಿಂದ ‘ಮೈಸೂರುಬನ್’ ಎನ್ನಬೇಕು.

ಈ ಪ್ರತ್ಯಯಗಳಲ್ಲಿ ಹೆಚ್ಚಿನವು ಒಮ್ಮೆ ಸ್ವತಂತ್ರ ಶಬ್ದಗಳಾಗಿದ್ದುವು. ಬಾಲಟೋನ್ ಸರೋವರದ ದಡದ ತಿಹಾನಿ ಮಠಕ್ಕೆ 1055ರಲ್ಲಿ ಬರೆದುಕೊಟ್ಟ ಲ್ಯಾಟಿನ್ ದಾನಶಾಸನದ ನಡುವೆ ಬರುವ ಹಂಗೇರಿಯನ್ ಪದಗಳಲ್ಲಿ, ಇಂದಿನ ‘ರ’ ಪ್ರತ್ಯಯವು ‘ರೆಅ’ ಎಂಬ ಬೇರೆ ಮಾತಾಗಿಯೇ ನಿಂತಿದೆ. ಅಂತೆಯೇ ‘ಬನ್’ ಪ್ರತ್ಯಯದ ಮೂಲ ಒಡಲಿನ ಒಳಭಾಗವನ್ನು ಹೇಳುವ ‘ಬೇಲ್’ ಎಂಬ ಶಬ್ದ. ಹಳಗನ್ನಡದ ಸಪ್ತಮಿಯ ‘ಒಳ್’ ಪ್ರತ್ಯಯವನ್ನು ‘ಒಳಗು’ ಎಂಬುದರೊಡನೆ ಸೇರಿಸಿ ಓದಿದವರಿಗೆ ಈ ಇತಿಹಾಸ ಎರಡನೆಯ ಸಲ ಕೇಳಿದಂತಿರುತ್ತದೆ.

ಇಂಗ್ಲಿಷಿನ ಮೂಲಕ ಕಲಿಯುವವನು ಎಡವುವ, ಕನ್ನಡದ ಮೂಲಕ ಕಲಿಯುವವನು ನಿರಾಯಾಸವಾಗಿ ದಾಟುವ ಸ್ಥಳಗಳು ಇನ್ನೂ ಹಲವಿವೆ. ಒಡೆತನವನ್ನು ಹೇಳುವ ಕ್ರಿಯಾಪದ ಹಂಗೇರಿಯನ್ನಿನಲ್ಲಿಲ್ಲ. ‘ನೆಕೆಮ್ ವನ್ ಎಜ್ ಹಾಜ಼ಮ್’ ಎಂಬಲ್ಲಿ ‘ನೆಕೆಮ್’ ಎಂದರೆ ನನಗೆ, ‘ವನ್’ ಎಂದರೆ ಇದೆ, ‘ಎಜ್’ ಎಂದರೆ ಒಂದು, ‘ಹಾಜ಼ಮ್’ ಎಂದರೆ ನನ್ನ ಮನೆ. ‘ನನಗೆ ಒಂದು ಮನೆ ಇದೆ’ ಎಂಬ ನಮ್ಮ ಚತುರ್ಥಿಯ ವಾಕ್ಯವೇ ಅದು. ‘ಇಲ್ಲ’ ಮತ್ತು ‘ಅಲ್ಲ’ ಎಂಬ ಭೇದವನ್ನು ನಮ್ಮಿಂದ ಕಲಿಯುವ ಪರಭಾಷಿಕರು ಎಷ್ಟು ಕಷ್ಟಪಡುತ್ತಾರೆಂಬುದನ್ನು ನಾವು ಬಲ್ಲೆವು. ಹಂಗೇರಿಯನ್ನಿನಲ್ಲಿಯೂ ಇರವಿನ ನಿಷೇಧಕ್ಕೆ ‘ನಿಂಚ್’ ಎಂಬ ಬೇರೆ ಮಾತೇ ಇದೆ. ‘ನಿಂಚ್ ವೀಜ಼್’ ಎಂದರೆ ನೀರಿಲ್ಲ. ‘ಎಜ಼್ ನೆಮ್ ವೀಜ಼್’ ಎಂದರೆ ಇದು ನೀರಲ್ಲ. ‘ಪೇತೆರ್ ಒರ್ವೊಶ್’ ಎಂದರೆ ‘ಪೇತೆರ್ ವೈದ್ಯ’. ‘ಆಗಿದ್ದಾನೆ’ ಎಂಬ ಕ್ರಿಯಾಪದ ನಮ್ಮಲ್ಲಿರುವಂತೆ ಅಲ್ಲಿಯೂ ಬೇಕಿಲ್ಲ. ಸಂಖ್ಯೆಯ ಮುಂದಿನ ನಾಮಪದ ಅಲ್ಲಿ ಏಕವಚನದಲ್ಲಿಯೇ ಇರುತ್ತದೆ. ‘ಎರಡು ಮನೆ’, ‘ಹತ್ತು ರೂಪಾಯಿ’ ಎನ್ನುವ ನಾವು ‘ಕೇತ್ ಹಾಜ಼್’ ಎಂಬುದನ್ನು ಕೇಳಿ ಬೆರಗಾಗುವುದಿಲ್ಲ. ‘ಮಾಡು’ ಎಂಬುದರಿಂದ ‘ಮಾಡಿಸು’ ಹುಟ್ಟುವಂತೆ ‘ಚಿನಾಲ್’ ಎಂಬುದರಿಂದ ‘ಚಿನಾಲ್ತತ್’ ಹುಟ್ಟುತ್ತದೆ. ಮಾಸ್ತಿ ವೆಂಕಟೇಶ ಅಯ್ಯಂಗಾರರ ಹೆಸರಿನಲ್ಲಿ ಊರು ಮೊದಲು ಬಂದಂತೆ, ಅಲ್ಲಿ ಮನೆತನದ ಹೆಸರು ಮೊದಲು ಬಂದು, ಲೋಕವು ಬೇಲಾ ಬಾರ್ತೋಕ್ ಎಂದು ಬಲ್ಲ ಸಂಗೀತಗಾರನು ತಾಯ್ನಾಡಿನಲ್ಲಿ ‘ಬಾರ್ತೋಕ್ ಬೇಲ’ ಆಗುತ್ತಾನೆ.

ನಿಜವಾಗಿ ಶ್ರಮಪಡಬೇಕಾದ ಸ್ಥಳವೊಂದುಂಟು. ಅದನ್ನು ಮರೆಮಾಚುವುದು ನ್ಯಾಯವಲ್ಲ. ಹಂಗೇರಿಯನ್ ಕ್ರಿಯಾಪದಕ್ಕೆ ಎರಡು ರೂಪಾವಳಿಗಳಿವೆ: ಕರ್ಮವು ಅನಿರ್ದಿಷ್ಟವಾಗಿದ್ದರೆ ಒಂದು, ನಿರ್ದಿಷ್ಟವಾಗಿದ್ದರೆ ಇನ್ನೊಂದು. ‘ಊಯ್ಶಾಗೊತ್ ಒಲ್ವಶೊಕ್’ ಎಂದರೆ ಯಾವುದೋ ಒಂದು ಪತ್ರಿಕೆಯನ್ನು ಓದುತ್ತೇನೆ ಎಂದರ್ಥ. ‘ಒಲ್ವಶೊಮ್ ಅಜ಼್ ಊಯ್ಶಾಗೊತ್’ ಎಂದರೆ ಆ ಗೊತ್ತಾದ ಪತ್ರಿಕೆಯನ್ನು ಓದುತ್ತೇನೆ ಎಂದರ್ಥ. ‘ಒಲ್ವಶೊಕ್’ ಎಂಬುದರ ಕಕಾರವು ಎರಡನೆಯದರಲ್ಲಿ ಮಕಾರವಾಗಿದೆ. ಕನ್ನಡದ ಕ್ರಿಯಾಪದ ಹೀಗೆ ಬದಲಾಗದು. ಆದರೆ ‘ಪತ್ರಿಕೆ ಓದುತ್ತೇನೆ’ ಎಂಬುದಕ್ಕೂ ‘ಪತ್ರಿಕೆಯನ್ನು ಓದುತ್ತೇನೆ’ ಎಂಬುದಕ್ಕೂ ನಮ್ಮ ಕಿವಿ ಕಾಣುವ ವ್ಯತ್ಯಾಸವನ್ನು ಸ್ಮರಿಸಿಕೊಳ್ಳಿರಿ. ದ್ವಿತೀಯಾ ಪ್ರತ್ಯಯವನ್ನು ಬಿಟ್ಟೂ ಇಟ್ಟೂ ನಾವು ಬಹುಮಟ್ಟಿಗೆ ಸೂಚಿಸುವ ನಿರ್ದಿಷ್ಟತೆಯನ್ನೇ ಹಂಗೇರಿಯನ್ ಕ್ರಿಯಾಪದದ ತುದಿಯಲ್ಲಿ ಸೂಚಿಸುತ್ತದೆ. ಭಾವ ನಮಗೆ ಪರಿಚಿತ. ಅದು ಕುಳಿತಿರುವ ಸ್ಥಾನ ಮಾತ್ರ ಬೇರೆ. ಕರ್ತೃ ‘ನಾನು’, ಕರ್ಮ ‘ನೀನು’ ಆದಾಗ ಮೂರನೆಯ ರೂಪವೊಂದು ಬಂದು, ‘ನಾನು ನಿನ್ನನ್ನು ಪ್ರೀತಿಸುತ್ತೇನೆ’ ಎಂಬುದೆಲ್ಲವೂ ‘ಸೆರೆತ್ಲೆಕ್’ ಎಂಬ ಒಂದೇ ಪದವಾಗುತ್ತದೆ.

ಪದಕ್ರಮದಲ್ಲಿಯೂ ಹೀಗೆಯೇ. ಕ್ರಿಯಾಪದವು ಕನ್ನಡದಲ್ಲಿರುವಂತೆ ಕೊನೆಗೇ ಬರಬೇಕೆಂಬ ಕಟ್ಟು ಅಲ್ಲಿಲ್ಲ. ಆದರೆ ವಾಕ್ಯದಲ್ಲಿ ಯಾವುದನ್ನು ಎತ್ತಿ ಹೇಳಬೇಕೋ ಅದು ಕ್ರಿಯಾಪದಕ್ಕೆ ತಗುಲಿಕೊಂಡು ಮೊದಲು ನಿಲ್ಲಬೇಕು. ‘ಈ ಪತ್ರಿಕೆ ಯಾರು ತಂದರು?’ ‘ಈ ಪತ್ರಿಕೆ ಅಣ್ಣ ತಂದ’ ಎಂಬಲ್ಲಿ ಕರ್ತೃವು ಕ್ರಿಯೆಯ ಪಕ್ಕಕ್ಕೆ ಸರಿಯುವುದನ್ನು ಗಮನಿಸಿದರೆ ನಿಯಮದ ಮರ್ಮ ಸ್ಪಷ್ಟವಾಗುತ್ತದೆ.

ವ್ಯಾಕರಣಕ್ಕಿಂತ ಹೆಚ್ಚಾಗಿ ಕನ್ನಡಿಗನ ಹೃದಯಕ್ಕೆ ಹತ್ತಿರವಾಗುವುದು ಬಂಧುವಾಚಕಗಳು. ಇಂಗ್ಲಿಷಿನವನಿಗೆ ಬ್ರದರ್ ಒಬ್ಬನೇ. ಹಂಗೇರಿಯ ಜನ ಅಣ್ಣನನ್ನು ‘ಬಾತ್ಯಾಮ್’, ತಮ್ಮನನ್ನು ‘ಒಚೇಮ್’, ಅಕ್ಕನನ್ನು ‘ನೋವೇರೆಮ್’, ತಂಗಿಯನ್ನು ‘ಹೂಗೊಮ್’ ಎಂದು ಬೇರೆಬೇರೆಯಾಗಿ ಕರೆಯುತ್ತಾರೆ. ನಮ್ಮ ಆಸ್ಪತ್ರೆಗಳಲ್ಲಿ ದಾದಿಯನ್ನು ‘ಸಿಸ್ಟರ್’ ಎನ್ನುವಂತೆ ಅಲ್ಲಿನ ರೋಗಿಗಳು ‘ನೋವೇರ್’ ಎನ್ನುತ್ತಾರೆ. ವಯಸ್ಸಾದವರ ಹೆಸರಿಗೆ ‘ಬಾಚಿ’, ‘ನೇನಿ’ ಎಂದು ಸೇರಿಸಿ, ನಾವು ಮಾವ, ಅತ್ತೆ ಎನ್ನುವ ಸಲಿಗೆ ಮತ್ತು ಗೌರವಗಳಿಂದ ಕರೆಯುವ ವಾಡಿಕೆಯುಂಟು. ‘ನೀನು’ ಎಂಬುದಕ್ಕೆ ‘ತೆ’. ಗೌರವದ ಸಂಬೋಧನೆಗೆ ‘ಮಗ’, ‘ಒನ್’ ಎಂಬ ಎರಡು ಮಾತುಗಳು. ಇವೆರಡರ ಮೂಲಾರ್ಥವೂ ‘ತಾನು’ ಎಂದೇ. ‘ತಾನು’ ಎಂಬ ಆತ್ಮಾರ್ಥಕದ ಬಹುವಚನವಾದ ‘ತಾವು’ ಎಂಬುದನ್ನು ಗೌರವಕ್ಕೆ ಬಳಸುವ ನಾಡಿನವರಿಗೆ ಈ ಮರ್ಯಾದೆಯ ದಾರಿ ಚಿರಪರಿಚಿತ. ಇವುಗಳೊಡನೆ ಕ್ರಿಯಾಪದ ಪ್ರಥಮಪುರುಷದಲ್ಲಿರಬೇಕೆಂಬುದನ್ನು ಮಾತ್ರ ನೆನಪಿಡಬೇಕು.

ಶಬ್ದಸಂಪತ್ತಿನಲ್ಲಿ ನಮಗೆ ಮೊದಲ ನೆರವು ಕಡಿಮೆಯೆಂಬುದು ನಿಜ. ಸಂಸ್ಕೃತದ ಶತಕ್ಕೆ ಬಂಧುವಾದ ‘ಸಾಜ಼್’, ಸಹಸ್ರಕ್ಕೆ ಬಂಧುವಾದ ‘ಎಜ಼ೆರ್’ ಎಂಬ ಸಂಖ್ಯೆಗಳು ಪ್ರಾಚೀನಕಾಲದಲ್ಲಿ ಇಂಡೋ-ಇರಾನೀ ಭಾಷೆಗಳಿಂದ ಅಲ್ಲಿಗೆ ಹೋದುವು. ಉಳಿದಂತೆ ಪದಗಳನ್ನು ಒಂದೊಂದಾಗಿಯೇ ಕಲಿಯಬೇಕು. ಆದರೆ ಮೂಲಪದಗಳು ಕೈಗೆ ಸಿಕ್ಕಮೇಲೆ ಸಮಾಸಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ರೋಗವೆಂಬರ್ಥದ ‘ಕೋರ್’, ಮನೆಯೆಂಬರ್ಥದ ‘ಹಾಜ಼್’ ಸೇರಿದ ‘ಕೋರ್‌ಹಾಜ಼್’ ಎಂದರೆ ಆಸ್ಪತ್ರೆಯೆಂದು ಇಷ್ಟು ದೂರ ಓದಿದವರು ಊಹಿಸಬಲ್ಲರು. ಹಂಗೇರಿಯ ರಾಜ್ಯಭಾಷೆ 1844ರವರೆಗೂ ಲ್ಯಾಟಿನ್ ಆಗಿತ್ತು. ತಮ್ಮ ನುಡಿಯನ್ನು ಶಾಸ್ತ್ರ, ಶಾಸನ, ಸಾಹಿತ್ಯಗಳಿಗೆ ಸಮರ್ಥವಾಗಿಸಬೇಕೆಂದು ಕಜ಼ಿಂತ್ಸಿ ಫೆರೆನ್ತ್ಸ್ (1759–1831) ಮೊದಲಾದವರು ಹೂಡಿದ ಭಾಷಾಸುಧಾರಣೆಯ ಕಾಲದಲ್ಲಿ ಸಾವಿರಾರು ಶಬ್ದಗಳು ದೇಶೀಯ ಧಾತುಗಳಿಂದಲೇ ನಿರ್ಮಿತವಾದುವು. ಮಿಂಚಿಗೆ ‘ವಿಲ್ಲಾಮ್’ ಎಂಬ ಪದವಿದ್ದ ಆ ನುಡಿಯಲ್ಲಿ ವಿದ್ಯುಚ್ಛಕ್ತಿಗೆ ‘ವಿಲ್ಲನ್ಯ್’ ಎಂಬ ಹೆಸರು ಬಂದಿತು. ಮಿಂಚೆಂಬರ್ಥದ ‘ವಿದ್ಯುತ್’ ಶಬ್ದವನ್ನೇ ಅದಕ್ಕೆ ಆರಿಸಿಕೊಂಡ ನಮಗೆ ಅವರ ಯೋಚನೆಯ ಹಾದಿ ಕಾಣುತ್ತದೆ.

ಆರಂಭಿಸುವವನು ಹೇಗೆ ಮುಂದುವರಿಯಬೇಕು? ಮೊದಲ ಕೆಲವು ವಾರಗಳನ್ನು ಕಿವಿಗೂ ನಾಲಗೆಗೂ ಮೀಸಲಿಡಲಿ. ಸ್ವರಗಳು ಸ್ಥಿರವಾಗದೆ ಸ್ವರಸಾಮರಸ್ಯ ಹಿಡಿತಕ್ಕೆ ಬರುವುದಿಲ್ಲ. ಆಮೇಲೆ 18 ವಿಭಕ್ತಿಗಳಿಗೂ ಒಮ್ಮೆಗೇ ಕೈಹಾಕದೆ, ಕರ್ಮದ ತಕಾರ, ‘ಬನ್’, ‘ಬ’, ಚತುರ್ಥಿಯ ‘ನಕ್’, ‘ವಲ್’ ಎಂಬ ಐದನ್ನು ಗಟ್ಟಿಮಾಡಿಕೊಳ್ಳಲಿ. ವಾಕ್ಯಗಳನ್ನು ಇಂಗ್ಲಿಷಿಗೆ ತಿರುಗಿಸದೆ ನೇರವಾಗಿ ಕನ್ನಡದ ವಿಭಕ್ತಿಗಳಿಗೆ ಸರಿಹೊಂದಿಸಿ ಬರೆದುಕೊಳ್ಳಲಿ. ‘ಯೋ ನಪೊತ್ ಕೀವಾನೊಕ್’ ಎಂಬ ಮೊದಲ ದಿನದ ನಮಸ್ಕಾರವನ್ನೇ ತೆಗೆದುಕೊಳ್ಳಿರಿ: ‘ಯೋ’ ಒಳ್ಳೆಯ, ‘ನಪ್’ ದಿನ, ‘ಒತ್’ ಅನ್ನು, ‘ಕೀವಾನೊಕ್’ ಹಾರೈಸುತ್ತೇನೆ. ಕನ್ನಡದಲ್ಲಿ ‘ಒಳ್ಳೆಯ ದಿನವನ್ನು ಹಾರೈಸುತ್ತೇನೆ’ ಎಂದು ಇಟ್ಟರೆ ಒಂದು ಪದದ ಸ್ಥಾನವೂ ಕದಲುವುದಿಲ್ಲ. ‘ನಾನು’ ಎಂಬ ಕರ್ತೃಪದ ಎರಡು ಕಡೆಯೂ ಕ್ರಿಯಾಪದದ ತುದಿಯಲ್ಲಿಯೇ ಅಡಗಿದೆ. ನಿರ್ದಿಷ್ಟ ಕರ್ಮದ ರೂಪಾವಳಿಯನ್ನು ಸಾಮಾನ್ಯ ರೂಪಗಳು ಬಾಯಿಗೆ ಬಂದನಂತರ, ಸಾವಧಾನವಾಗಿ, ದಿನವೂ ಸ್ವಲ್ಪಸ್ವಲ್ಪವಾಗಿ ಅಭ್ಯಾಸಮಾಡಬೇಕು.

ಹಂಗೇರಿಯಿಂದ ನಮ್ಮ ದೇಶಕ್ಕೆ ಬಂದ ವಿದ್ಯಾರ್ಥಿಗಳಲ್ಲಿ ಕೊರೊಶಿ ಚೊಮ ಶಾಂದೋರ್ ಅಗ್ರಗಣ್ಯನು. ತನ್ನ ಜನಾಂಗದ ಮೂಲವನ್ನು ಏಷ್ಯಾದಲ್ಲಿ ಅರಸಬೇಕೆಂದು 1819ರಲ್ಲಿ ಟ್ರಾನ್ಸಿಲ್ವೇನಿಯಾದಿಂದ ಹೊರಟು, ಬಹುಪಾಲು ಕಾಲ್ನಡಿಗೆಯಿಂದ ಲಡಾಖನ್ನು ತಲುಪಿ, ಹಿಮದ ನಡುವಣ ಮಠಗಳಲ್ಲಿ ಲಾಮಾಗಳ ಬಳಿ ಟಿಬೆಟನ್ ಭಾಷೆಯನ್ನು ಅಭ್ಯಾಸಮಾಡಿ, ಅದರ ನಿಘಂಟನ್ನೂ ವ್ಯಾಕರಣವನ್ನೂ 1834ರಲ್ಲಿ ಕಲ್ಕತ್ತೆಯಲ್ಲಿ ಪ್ರಕಟಿಸಿ, 1842ರಲ್ಲಿ ದಾರ್ಜಿಲಿಂಗಿನಲ್ಲಿ ತೀರಿಕೊಂಡನು. ತನ್ನ ನುಡಿಗೆ ಯಾವ ನಂಟೂ ಇಲ್ಲದ ಒಂದು ನುಡಿಯನ್ನು ಅವನು ಅಂಥ ನಿಷ್ಠೆಯಿಂದ ಕಲಿತು ಲೋಕಕ್ಕೆ ಕೋಶವನ್ನೂ ವ್ಯಾಕರಣವನ್ನೂ ಕೊಟ್ಟನು. ಅವನ ನುಡಿಗೆ ನಾವು ಅಷ್ಟು ದೊಡ್ಡ ಋಣವನ್ನು ತೀರಿಸಬೇಕಾಗಿಲ್ಲ. ಕನ್ನಡದ ವಿಭಕ್ತಿ, ಸಂಧಿ, ಸಮಾಸಗಳ ಹೆಸರುಗಳನ್ನೇ ಬಳಸಿ, ಹಂಗೇರಿಯನ್ನನ್ನು ಕನ್ನಡದ ಮೂಲಕವೇ ಕಲಿಸುವ ಒಂದು ಪ್ರಥಮಪಾಠವನ್ನು, ಆ ದೇಶದಲ್ಲಿ ಓದಿ ಬಂದ ನಮ್ಮ ತರುಣರು ಬರೆದುಕೊಟ್ಟರೆ ಸಾಕು. ಮುಂದೆ ಅಲ್ಲಿಗೆ ಹೋಗುವವರಿಗೆ ಅದರಿಂದ ಆಗುವ ಉಪಕಾರ ಸಾಮಾನ್ಯವಾದುದಲ್ಲ. ನಮ್ಮ ವ್ಯಾಕರಣವು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಇರುವುದಲ್ಲವೆಂಬುದೂ ಅದರಿಂದ ಸಿದ್ಧವಾದೀತು.